ದೀಪವಾರಿದ ಊರು ವಾರಂ ಪರ್ಸಿ

ಕರ್ನಾಟಕದ ಕಂದಾಯ ದಾಖಲೆಗಳನ್ನು ತಿರುವಿ ನೋಡಿದವರಿಗೆ ‘ಬೇಚರಾಕ್ ಗ್ರಾಮ’ ಎಂಬ ಮಾತು ಹೊಸದಲ್ಲ. ಅಂಥ ಊರಿಗೆ ಹೆಸರಿರುತ್ತದೆ, ಎಲ್ಲೆ ಇರುತ್ತದೆ, ಹೊಲಗಳಿಗೆ ಸರ್ವೆ ನಂಬರುಗಳಿರುತ್ತವೆ. ವಾಸಿಸುವ ಜನ ಮಾತ್ರ ಇರುವುದಿಲ್ಲ. ಪಾರಸಿ ಭಾಷೆಯಲ್ಲಿ ‘ಚಿರಾಗ್’ ಎಂದರೆ ದೀಪ; ‘ಬೇಚಿರಾಗ್’ ಎಂದರೆ ದೀಪವಿಲ್ಲದ್ದು. ಮುಸ್ಸಂಜೆ ಹೊತ್ತಿನಲ್ಲಿ ದೀಪ ಹಚ್ಚಲು ಒಂದು ಕೈಯೂ ಉಳಿಯದ ಊರು ಎಂದು ಅದರ ಅರ್ಥ.

ಇಂಥ ದೀಪವಿಲ್ಲದ ಊರುಗಳು ಎಲ್ಲ ದೇಶಗಳಲ್ಲೂ ಇವೆ. ಇಂಗ್ಲೆಂಡ್ ಒಂದರಲ್ಲೇ ಮಧ್ಯಯುಗದ ಸುಮಾರು 3,000 ಹಾಳೂರುಗಳನ್ನು ಗುರುತಿಸಲಾಗಿದೆ. ಅವುಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಯಾರ್ಕ್‌ಶೈರಿನ ವಾರಂ ಪರ್ಸಿ. ಅಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ, ಯಾವ ಯುದ್ಧವೂ ನಡೆದಿಲ್ಲ. ಆದರೂ ವಿದ್ವಾಂಸರು 40 ವರ್ಷಗಳ ಕಾಲ ಅದನ್ನು ಅಗೆದರು. ಅವರು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ಇಲ್ಲಿದ್ದ ಜನ ಎಲ್ಲಿಗೆ ಹೋದರು? ಏಕೆ ಹೋದರು?

ಹುಲ್ಲಿನಡಿಯ ಊರು

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್ ನಗರದಿಂದ ಈಶಾನ್ಯಕ್ಕೆ ಸಾಗಿದರೆ ಮಾಲ್ಟನ್ ಎಂಬ ಸಂತೆಯ ಪಟ್ಟಣ ಸಿಗುತ್ತದೆ. ಅಲ್ಲಿಂದ ಸುಮಾರು ಆರು ಮೈಲಿ ದೂರದಲ್ಲಿ ‘ವೋಲ್ಡ್ಸ್’ ಎಂದು ಕರೆಯುವ ಗುಡ್ಡಗಳ ಸಾಲಿದೆ. ಇವು ನಮ್ಮ ಸಹ್ಯಾದ್ರಿಯಂತೆ ಎತ್ತರವಾಗಿಯೂ ಇಲ್ಲ, ಕಾಡಿನಿಂದ ತುಂಬಿಯೂ ಇಲ್ಲ. ಸೀಮೆಸುಣ್ಣದಂಥ ಬಿಳಿಯ ಮೆದುಗಲ್ಲಿನ ಮೇಲೆ ತೆಳುವಾದ ಮಣ್ಣು, ಅದರ ಮೇಲೆ ಹುಲ್ಲು ಮತ್ತು ಗೋಧಿ, ಬಾರ್ಲಿಯ ಹೊಲಗಳು. ನಡುನಡುವೆ ಆಳವಾದ ಕಣಿವೆಗಳು.

ಮೊದಲು ಎದುರಾಗುವುದು ವಾರಂ-ಲ-ಸ್ಟ್ರೀಟ್ ಎಂಬ ಪುಟ್ಟ ಹಳ್ಳಿ. ಕೆಲವು ಮನೆಗಳು, ಹೊಲಮನೆಗಳು, ಸಾವಿರ ವರ್ಷದ ಆಸುಪಾಸಿನ ಗೋಪುರವುಳ್ಳ ಸಂತ ಮೇರಿಯ ಚರ್ಚು. ಇಷ್ಟೇ ಆ ಊರು. ಬಹು ಪುರಾತನವಾದ ದಾರಿಯೊಂದು ಅದರ ಮೂಲಕ ಹಾದುಹೋಗುವುದರಿಂದ ಹೆಸರಿನ ಕೊನೆಗೆ ‘ಸ್ಟ್ರೀಟ್’ ಸೇರಿಕೊಂಡಿದೆ. ‘ವಾರಂ’ ಎಂಬ ಶಬ್ದಕ್ಕೆ ಕಡಾಯಿ ಎಂಬ ಮೂಲಾರ್ಥವಿದೆ ಎಂದು ಸ್ಥಳನಾಮ ತಜ್ಞರು ಹೇಳುತ್ತಾರೆ. ಗುಡ್ಡಗಳ ನಡುವಿನ ಬಟ್ಟಲಿನಂಥ ತಗ್ಗುಗಳನ್ನು ಕಂಡವರಿಗೆ ಈ ಹೆಸರು ಸರಿಯೆನಿಸುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಸಾಗಿ, ವಾಹನ ನಿಲ್ಲಿಸಿ, ಮುಕ್ಕಾಲು ಮೈಲಿ ಕಾಲುದಾರಿಯಲ್ಲಿ ಇಳಿಯಬೇಕು. ದಾರಿ ಹಳಿಯಿಲ್ಲದ ರೈಲುಮಾರ್ಗವೊಂದನ್ನು ದಾಟುತ್ತದೆ. 1853ರಲ್ಲಿ ಆರಂಭವಾದ ಆ ರೈಲು 1958ರಲ್ಲಿ ನಿಂತುಹೋಯಿತು. ಹಾಳಾದ ಊರಿಗೆ ಹೋಗುವ ದಾರಿಯಲ್ಲಿ ಹಾಳಾದ ರೈಲು!

ಕಣಿವೆಯ ತಳದಲ್ಲಿ ಮೊದಲು ಕಾಣುವುದು 19ನೆಯ ಶತಮಾನದ ಸಾಲುಮನೆಗಳ ಕಟ್ಟಡ. ಅದರಾಚೆ ಚಾವಣಿಯಿಲ್ಲದ ಚರ್ಚು. ಅದರ ಗೋಪುರದ ಅರ್ಧ ಭಾಗ ಬಿದ್ದುಹೋಗಿದೆ. ಉಳಿದರ್ಧ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. ಪಕ್ಕದಲ್ಲಿ ಒಡ್ಡು ಕಟ್ಟಿ ನಿಲ್ಲಿಸಿದ ಒಂದು ಕೊಳ. ‘ಊರೆಲ್ಲಿ?’ ಎಂದು ಕೇಳಬೇಕೆನಿಸುತ್ತದೆ. ಪಶ್ಚಿಮದ ದಿಬ್ಬ ಹತ್ತಿ, ಸೂರ್ಯ ಇಳಿಮುಖನಾಗುವ ತನಕ ಕಾದರೆ ಉತ್ತರ ಸಿಗುತ್ತದೆ. ಓರೆಬಿಸಿಲು ಬಿದ್ದಾಗ ಹುಲ್ಲಿನ ಮೇಲೆ ಸಣ್ಣ ಸಣ್ಣ ನೆರಳುಗಳು ಮೂಡುತ್ತವೆ. ಒಂದು ಉದ್ದನೆಯ ಚೌಕ, ಅದರ ಪಕ್ಕ ಇನ್ನೊಂದು, ಮತ್ತೊಂದು. ಅವು ಮನೆಗಳ ತಳಪಾಯ. ನಡುವಿನ ತಗ್ಗು ಊರಿನ ಬೀದಿ. ಹಿಂದಿನ ಉದ್ದನೆಯ ಪಟ್ಟಿಗಳು ಹಿತ್ತಿಲುಗಳು. ಸುಮಾರು 40 ಮನೆಗಳ ಗುರುತು ಹೀಗೆ ಹುಲ್ಲಿನಡಿ ಮಲಗಿದೆ.

ಬೀದಿ, ಹಿತ್ತಿಲು, ಹೊಲ

ಮನೆಯ ನಿವೇಶನಗಳು ಸಾಲಾಗಿ, ಒಂದೇ ಅಳತೆ ಹಿಡಿದು ಹಾಕಿದಂತಿರುವುದನ್ನು ಗಮನಿಸಬೇಕು. ಊರು ತನ್ನಷ್ಟಕ್ಕೆ ಅಡ್ಡಾದಿಡ್ಡಿ ಬೆಳೆದದ್ದಲ್ಲ, ಯಾರೋ ಯೋಚಿಸಿ ಅಳೆದು ಹಾಕಿದ್ದು ಎಂಬುದಕ್ಕೆ ಇದು ಸಾಕ್ಷಿ. ವಿಲಿಯಂ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ, 1086ರಲ್ಲಿ, ಇಡೀ ದೇಶದ ಭೂಮಿಕಾಣಿಯ ಲೆಕ್ಕ ಬರೆಸಿದ. ‘ಡೂಮ್ಸ್‌ಡೇ ಬುಕ್’ ಎಂದು ಪ್ರಸಿದ್ಧವಾದ ಆ ಕಡತದಲ್ಲಿ ವಾರಂ ಹೆಸರಿದೆ. ಮುಂದೆ ನಾರ್ಮನ್ ಮೂಲದ ಪರ್ಸಿ ಮನೆತನ ಇಲ್ಲಿ ಒಡೆತನ ಪಡೆಯಿತು. ಆ ಮನೆತನದ ಹೆಸರೇ ಊರಿನ ಬಾಲವಾಯಿತು. ಚೇಂಬರ್ಲೇನ್ ಎಂಬ ಇನ್ನೊಂದು ಮನೆತನಕ್ಕೂ ಇಲ್ಲಿ ಜಮೀನಿತ್ತು. 1254ರಲ್ಲಿ ಪರ್ಸಿಗಳು ಅದನ್ನೂ ಕೊಂಡುಕೊಂಡರು.

ಸಾಮಾನ್ಯ ರೈತನ ಮನೆ ಉದ್ದವಾಗಿ, ಒಂದೇ ಅಂತಸ್ತಿನದಾಗಿ ಇರುತ್ತಿತ್ತು. ಬಿಳಿಗಲ್ಲಿನ ತಳಪಾಯ, ಹುಲ್ಲಿನ ಹೊದಿಕೆ, ನಡುವೆ ನೆಲದ ಮೇಲೆಯೇ ಉರಿಯುವ ಒಲೆ. ಮನೆಯ ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನಕರು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಎತ್ತು ಎಮ್ಮೆಗಳ ಗೋದಲಿಯನ್ನು ನೋಡಿದವರಿಗೆ ಈ ಏರ್ಪಾಟು ವಿಚಿತ್ರವೆನಿಸದು. ದನ ಕಣ್ಣೆದುರಿಗಿದ್ದರೆ ಕಳ್ಳರ ಭಯವಿಲ್ಲ. ಚಳಿಗಾಲದಲ್ಲಿ ಅವುಗಳ ಮೈಶಾಖವೂ ಮನೆಗೆ ದಕ್ಕುತ್ತದೆ.

ಊರಿನ ಸುತ್ತ ವಿಶಾಲವಾದ ಬಯಲು ಹೊಲಗಳಿದ್ದವು. ಒಬ್ಬೊಬ್ಬ ರೈತನ ಪಾಲು ಒಂದೇ ಕಡೆ ಇರದೆ, ಉದ್ದನೆಯ ಪಟ್ಟಿಗಳಾಗಿ ಅಲ್ಲಲ್ಲಿ ಹಂಚಿಹೋಗಿರುತ್ತಿತ್ತು. ಎಲ್ಲರಿಗೂ ಒಂದಿಷ್ಟು ಒಳ್ಳೆಯ ಮಣ್ಣು, ಒಂದಿಷ್ಟು ಕಳಪೆ ಮಣ್ಣು. ಉತ್ತುವುದು, ಬಿತ್ತುವುದು, ಕೊಯ್ಯುವುದು ಎಲ್ಲವೂ ಊರೊಟ್ಟಿನ ಕೆಲಸ. ಇಂಥ ವ್ಯವಸ್ಥೆಯಲ್ಲಿ ನೇಗಿಲು ಹಿಡಿಯುವ ಕೈಗಳು ಎಷ್ಟಿದ್ದರೂ ಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಊರಿನ ಅಳಿವಿನ ಕಥೆಗೆ ಇದೇ ಕೀಲಿಕೈ.

ಸನಿಕೆ ಹಿಡಿದ ಉಪನ್ಯಾಸಕ

ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಇಂಗ್ಲೆಂಡಿನ ಬಹುಪಾಲು ಇತಿಹಾಸಕಾರರಿಗೆ ಹಾಳೂರುಗಳಲ್ಲಿ ಆಸಕ್ತಿಯಿರಲಿಲ್ಲ. ಅಂಥ ಊರುಗಳು ಅಪರೂಪ ಎಂಬುದೇ ಹಲವರ ಅಭಿಪ್ರಾಯ. ಮಾರಿಸ್ ಬೆರೆಸ್‌ಫರ್ಡ್ (1920-2005) ಎಂಬ ತರುಣ ಇದನ್ನು ಒಪ್ಪಲಿಲ್ಲ. ಆತ ಆರ್ಥಿಕ ಇತಿಹಾಸದ ವಿದ್ಯಾರ್ಥಿ. ಹಳೆಯ ನಕ್ಷೆಗಳನ್ನು ಕೈಯಲ್ಲಿ ಹಿಡಿದು ಹೊಲಗಳಲ್ಲಿ ನಡೆಯುವುದು ಆತನ ಹವ್ಯಾಸ. ತೆರಿಗೆ ಪಟ್ಟಿಯಲ್ಲಿ ಹೆಸರಿದ್ದು ಇಂದಿನ ನಕ್ಷೆಯಲ್ಲಿ ಕಾಣದ ಊರುಗಳನ್ನು ಆತ ಒಂದೊಂದಾಗಿ ಗುರುತು ಹಾಕತೊಡಗಿದ.

1948ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಉಪನ್ಯಾಸಕರಾಗಿ ಬಂದ ಬೆರೆಸ್‌ಫರ್ಡರಿಗೆ ವಾರಂ ಪರ್ಸಿಯ ದಿಬ್ಬಗಳು ಕಣ್ಣಿಗೆ ಬಿದ್ದವು. 1950ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಸನಿಕೆಯಿಂದ ಅಗೆಯಲು ನಿಂತರು. ಹುಲ್ಲಿನಡಿಯಲ್ಲಿ ಗೋಡೆಗಳಿವೆ ಎಂಬುದು ಖಚಿತವಾಯಿತು. ಆದರೆ ಉತ್ಖನನದ ಶಾಸ್ತ್ರದಲ್ಲಿ ಅವರಿಗೆ ತರಬೇತಿ ಇರಲಿಲ್ಲ. ಆಗ ಜೊತೆಯಾದವರು ಪುರಾತತ್ವಜ್ಞ ಜಾನ್ ಹರ್ಸ್ಟ್ (1927-2003). ಒಬ್ಬರು ಕಡತ ಓದಬಲ್ಲವರು, ಇನ್ನೊಬ್ಬರು ಮಣ್ಣು ಓದಬಲ್ಲವರು. ಈ ಜೋಡಿ 1990ರವರೆಗೆ ಬಿಡದೆ ದುಡಿಯಿತು.

ಪ್ರತಿ ಬೇಸಿಗೆಯಲ್ಲಿ ಸುಮಾರು ಮೂರು ವಾರ ಇಲ್ಲಿ ಉತ್ಖನನ ನಡೆಯುತ್ತಿತ್ತು. ಕೂಲಿಯವರ ದೊಡ್ಡ ಪಡೆಯೇನೂ ಇರಲಿಲ್ಲ. ಬಂದವರು ಬಹುಮಟ್ಟಿಗೆ ಸ್ವಯಂಸೇವಕರು: ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಗೃಹಿಣಿಯರು, ಶಾಲಾ ಮಕ್ಕಳು. ತಪ್ಪು ಮಾಡಿ ಸುಧಾರಣಾ ಶಾಲೆ ಸೇರಿದ್ದ ಹುಡುಗರನ್ನೂ ಬೆರೆಸ್‌ಫರ್ಡ್ ಕರೆತಂದು ಕೆಲಸಕ್ಕೆ ಹಚ್ಚುತ್ತಿದ್ದರು. ಕಣಿವೆಯ ಆ ಸಾಲುಮನೆಯೇ ಇವರೆಲ್ಲರ ಬಿಡಾರ. ಒಬ್ಬ ರಾಜನ ಹೆಸರೂ ಸಿಗಲಾರದ ಜಾಗದಲ್ಲಿ, ಮಡಕೆಯ ಚೂರು, ಬಾಗಿಲ ತಿರುಗಣಿ, ಬೀಗದ ಕೈಗಳನ್ನು ಆರಿಸುತ್ತ ಇಷ್ಟು ಜನ ಇಷ್ಟು ವರ್ಷ ಮಂಡಿಯೂರಿ ಕುಳಿತದ್ದು ಸಣ್ಣ ಸಂಗತಿಯಲ್ಲ.

ಮಣ್ಣು ಅವರನ್ನು ಆಗಾಗ ಬೆರಗುಗೊಳಿಸಿತು. ರೈತನ ಮನೆಯೆಂದು ಅಗೆಯುತ್ತ ಹೋದಾಗ ಅದರ ಕೆಳಗೆ ಒಂದು ಕಡೆ 12ನೆಯ ಶತಮಾನದ ಜಮೀನ್ದಾರರ ಮನೆಯ ನೆಲಮಾಳಿಗೆ ಸಿಕ್ಕಿತು. ಒಡೆಯನ ಮನೆ ಬೇರೆಡೆಗೆ ಹೋದ ಮೇಲೆ ಅದೇ ಜಾಗದಲ್ಲಿ ರೈತರು ಮನೆ ಕಟ್ಟಿಕೊಂಡಿದ್ದರು.

ಅವರ ಅಭಿಪ್ರಾಯಗಳೂ ಬದಲಾದವು. ಮನೆಗಳನ್ನು ಒಂದೊಂದು ತಲೆಮಾರಿಗೂ ಹೊಸದಾಗಿ ಕಟ್ಟಿದ ಗುರುತು ಕಂಡು, ಇವು ದುರ್ಬಲ ಗುಡಿಸಲುಗಳು ಎಂದು ಮೊದಲು ಭಾವಿಸಲಾಗಿತ್ತು. 1980ರ ದಶಕದಲ್ಲಿ ಸ್ಟುವರ್ಟ್ ರಾತ್‌ಮೆಲ್ ಎಂಬ ಸಂಶೋಧಕರು ಇದನ್ನು ತಿದ್ದಿದರು. ಚಾವಣಿಯ ಭಾರ ಹೊತ್ತದ್ದು ಜೋಡಿಸಿ ನಿಲ್ಲಿಸಿದ ಬಾಗುಮರದ ತೊಲೆಗಳು. ಗೋಡೆಗಳು ಕೇವಲ ಮರೆ. ಗೋಡೆಯನ್ನು ಎಷ್ಟು ಸಲ ಬದಲಿಸಿದರೂ ಮೇಲಿನ ಚಾವಣಿ ಹಾಗೇ ನಿಂತಿರಬಹುದು. ನಮ್ಮ ಕಂಬ ತೊಲೆಯ ಮನೆಗಳಲ್ಲಿ ಮಳೆಗೆ ಮಣ್ಣಿನ ಗೋಡೆ ಕುಸಿದರೂ ಮಾಳಿಗೆ ನಿಲ್ಲುವಂತೆಯೇ ಇದು. ವಾರಂ ಪರ್ಸಿಯ ರೈತರು ಗಟ್ಟಿಯಾದ ಮನೆಗಳಲ್ಲಿ ಬಾಳಿದ್ದರು. ಈ ಸಂಶೋಧನೆಯ ವರದಿಗಳು 13 ಸಂಪುಟಗಳಾಗಿ ಹೊರಬಂದಿವೆ. ಕೊನೆಯದು ಪ್ರಕಟವಾದದ್ದು 2012ರಲ್ಲಿ.

ಮೂಳೆಗಳು ಹೇಳಿದ್ದು

ಚರ್ಚಿನ ಒಳಗೂ ಅಂಗಳದಲ್ಲೂ ಅಗೆದಾಗ 687 ಅಸ್ಥಿಪಂಜರಗಳು ದೊರೆತವು. ಒಂದು ಸಾಮಾನ್ಯ ಹಳ್ಳಿಯ ಜನರ ಬದುಕನ್ನು ತಿಳಿಯಲು ಇಷ್ಟು ದೊಡ್ಡ ಆಧಾರ ಸಿಗುವುದು ಅಪರೂಪ.

ಮಕ್ಕಳ ವಯಸ್ಸನ್ನು ಹಲ್ಲುಗಳ ಬೆಳವಣಿಗೆಯಿಂದ ಲೆಕ್ಕ ಹಾಕಬಹುದು; ಎತ್ತರವನ್ನು ತೊಡೆಯ ಮೂಳೆಯ ಉದ್ದದಿಂದ ಅಂದಾಜು ಮಾಡಬಹುದು. ಎರಡನ್ನೂ ಹೋಲಿಸಿದಾಗ ವಾರಂ ಪರ್ಸಿಯ ಮಕ್ಕಳು ಇಂದಿನ ಅದೇ ವಯಸ್ಸಿನ ಮಕ್ಕಳಿಗಿಂತ ಬಹಳ ಗಿಡ್ಡವಾಗಿದ್ದರೆಂದು ತಿಳಿಯಿತು. ಆಹಾರದ ಕೊರತೆ, ಮತ್ತೆ ಮತ್ತೆ ಬಂದ ಕಾಯಿಲೆಗಳೇ ಇದಕ್ಕೆ ಕಾರಣವಾಗಿರಬೇಕು. ಆದರೆ ಅವರ ಬೆಳವಣಿಗೆ ಇಂದಿನವರಿಗಿಂತ ಹೆಚ್ಚು ವರ್ಷ ಮುಂದುವರಿಯುತ್ತಿತ್ತು. ದೊಡ್ಡವರಾಗುವ ಹೊತ್ತಿಗೆ ಅಂತರ ಅಷ್ಟಾಗಿ ಉಳಿಯುತ್ತಿರಲಿಲ್ಲ. ಮೂಳೆಯಲ್ಲಿರುವ ಸಾರಜನಕದ ಪರೀಕ್ಷೆಯಿಂದ ಇನ್ನೊಂದು ವಿಷಯ ಹೊರಬಿತ್ತು. ಅಲ್ಲಿಯ ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷದವರೆಗೆ ಎದೆಹಾಲು ಕುಡಿಸುತ್ತಿದ್ದರು.

ಒಬ್ಬ ಗಂಡಸಿನ ತಲೆಬುರುಡೆ ಎಲ್ಲರನ್ನೂ ಚಕಿತಗೊಳಿಸಿತು. ಸುಮಾರು ಸಾವಿರ ವರ್ಷದ ಹಿಂದೆ ಬಾಳಿದ ಆತನ ತಲೆಗೆ ಪ್ರಬಲವಾದ ಪೆಟ್ಟು ಬಿದ್ದಿತ್ತು. ಯಾರೋ ಬುರುಡೆಯ ಎಲುಬನ್ನು ಕೆರೆದು ತೆಗೆದು ಶಸ್ತ್ರಚಿಕಿತ್ಸೆ ಮಾಡಿದ್ದರು. ಎಲುಬಿನ ಅಂಚು ಕೂಡಿಕೊಂಡಿರುವುದರಿಂದ ರೋಗಿ ಬದುಕಿ ಉಳಿದನೆಂದು ಗೊತ್ತಾಗುತ್ತದೆ. ಅರಿವಳಿಕೆಯಿಲ್ಲದ ಕಾಲ, ಆಸ್ಪತ್ರೆಯಿಲ್ಲದ ಹಳ್ಳಿ. ಆದರೂ ಕೈಗುಣವುಳ್ಳ ಒಬ್ಬ ವೈದ್ಯ ಅಲ್ಲಿಗೆ ಬಂದಿದ್ದ, ಅಥವಾ ಅಲ್ಲಿಯೇ ಇದ್ದ.

ಭಯವೂ ಆ ಮಣ್ಣಿನಲ್ಲಿ ಹೂತಿದೆ. ಸ್ಮಶಾನದ ಹೊರಗೆ, ಮನೆಗಳ ನಡುವಿನ ಗುಂಡಿಯಲ್ಲಿ ಕನಿಷ್ಠ 10 ಮಂದಿಯ 137 ಮೂಳೆಗಳು ಸಿಕ್ಕಿದ್ದವು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳ ಮೇಲೆ ಚಾಕುವಿನ ಗೀರುಗಳೂ ಸುಟ್ಟ ಗುರುತುಗಳೂ ಇವೆ. ಅವೆಲ್ಲ ಸತ್ತ ಮೇಲೆ ಆದವು. ಸತ್ತವರು ಎದ್ದು ಬಂದು ಊರಿಗೆ ಕೇಡು ಮಾಡುತ್ತಾರೆ ಎಂದು ಆ ಕಾಲದ ಜನ ನಂಬಿದ್ದರು. ಅದನ್ನು ತಡೆಯಲೆಂದೇ ಶವಗಳನ್ನು ಹೀಗೆ ಮಾಡಿರಬಹುದೆಂಬುದು ಸಂಶೋಧಕರು ಒಲಿದ ವಿವರಣೆ. ಬರಗಾಲದಲ್ಲಿ ನರಮಾಂಸ ತಿಂದಿರಬಹುದೇ ಎಂಬುದನ್ನೂ ಅವರು ಪರಿಶೀಲಿಸಿದ್ದಾರೆ. ಎರಡರಲ್ಲಿ ಯಾವುದು ನಿಜವಾದರೂ, ಆ ಇರುಳುಗಳು ಸುಖದವಾಗಿರಲಿಲ್ಲ.

ಮಹಾಮಾರಿಯ ಮೇಲಿನ ಅಪವಾದ

ಈಗ ಮೂಲ ಪ್ರಶ್ನೆಗೆ ಬರೋಣ. ಊರು ಏಕೆ ಹಾಳಾಯಿತು?

ಇಂಗ್ಲೆಂಡಿನಲ್ಲಿ ಯಾವುದೇ ಹಾಳೂರಿನ ಬಳಿ ನಿಂತು ಕೇಳಿದರೆ ಬರುವ ಸಿದ್ಧ ಉತ್ತರ ‘ಪ್ಲೇಗು’. 1348-49ರ ಆ ಮಹಾಮಾರಿ ದೇಶದ ಜನಸಂಖ್ಯೆಯ ದೊಡ್ಡ ಪಾಲನ್ನು ಬಲಿ ತೆಗೆದುಕೊಂಡದ್ದು ನಿಜ. ನಮ್ಮ ಹಳ್ಳಿಗಳಲ್ಲೂ ಹಾಳೂರಿನ ಮಾತೆತ್ತಿದರೆ ಹಿರಿಯರು ‘ಮಾರಿ ಬಂದು ಊರು ಬಿಟ್ಟರಂತೆ’ ಎನ್ನುವುದುಂಟು. ಒಂದು ದೊಡ್ಡ ಆಪತ್ತು ಬಂದಿತು, ಒಂದೇ ಸಲಕ್ಕೆ ಎಲ್ಲ ಮುಗಿಯಿತು ಎಂದರೆ ಕಥೆ ಸಲೀಸಾಗುತ್ತದೆ.

ವಾರಂ ಪರ್ಸಿಯ ದಾಖಲೆಗಳು ಬೇರೆ ಕಥೆ ಹೇಳುತ್ತವೆ. ಊರಿನ ಕಷ್ಟ ಪ್ಲೇಗಿಗಿಂತ ಮೊದಲೇ ಆರಂಭವಾಗಿತ್ತು. 1315ರಿಂದ ಕೆಲವು ವರ್ಷ ಯೂರೋಪಿನಲ್ಲೆಲ್ಲ ಅತಿವೃಷ್ಟಿಯಿಂದ ಬೆಳೆ ಕೊಳೆತು ಭಾರಿ ಬರಗಾಲ ಬಂತು. 1322ರಲ್ಲಿ ಸ್ಕಾಟ್ಲೆಂಡಿನ ಸೈನ್ಯ ಯಾರ್ಕ್‌ಶೈರಿಗೆ ನುಗ್ಗಿ ಸೂರೆ ಮಾಡಿತು. ಮರುವರ್ಷ 1323ರ ದಾಖಲೆಯ ಹೊತ್ತಿಗೆ ವಾರಂ ಪರ್ಸಿಯ ಬಹಳಷ್ಟು ಹೊಲ ಬೀಳು ಬಿದ್ದಿತ್ತು. ಮುಂದೆ ಪ್ಲೇಗು ಬಂತು, ಜನ ಸತ್ತರು. ಆದರೆ 1368ರಲ್ಲಿ, ಎಂದರೆ ಮಹಾಮಾರಿ ಕಳೆದು 20 ವರ್ಷಗಳಾದ ಮೇಲೂ, ಊರಿನಲ್ಲಿ ಸುಮಾರು 30 ಮನೆಗಳಲ್ಲಿ ಜನರಿದ್ದರು. ಸತ್ತ ಊರಿನಲ್ಲಿ 30 ಒಲೆ ಉರಿಯುವುದಿಲ್ಲ.

ಪ್ಲೇಗು ಊರನ್ನು ಕೊಲ್ಲಲಿಲ್ಲ. ಆದರೆ ಅದು ಲೆಕ್ಕಾಚಾರವನ್ನು ಬದಲಿಸಿತು. ಜನ ಕಡಿಮೆಯಾದಾಗ ಕೂಲಿ ಏರಿತು. ಉಣ್ಣುವ ಬಾಯಿಗಳು ಕಡಿಮೆಯಾದಾಗ ಧಾನ್ಯದ ಬೆಲೆ ಇಳಿಯಿತು. ತಗ್ಗುನಾಡಿನ ಫಲವತ್ತಾದ ಊರುಗಳಲ್ಲಿ ಹೊಲಗಳು ಖಾಲಿ ಬಿದ್ದಿದ್ದವು. ಬೆಟ್ಟದ ತೆಳುಮಣ್ಣಿನಲ್ಲಿ ಏಗುತ್ತಿದ್ದ ರೈತನಿಗೆ ಅಲ್ಲಿಗೆ ಹೋಗಿ ನೆಲೆಸುವುದು ಲಾಭವೆನಿಸಿದ್ದರೆ ಆಶ್ಚರ್ಯವಿಲ್ಲ. ಊರಿನ ಒಡೆತನವೂ ಕೈ ಬದಲಾಯಿತು. 1403ರಲ್ಲಿ ಪರ್ಸಿಗಳು ಹಿಲ್ಟನ್ ಮನೆತನದೊಡನೆ ಭೂಮಿಯ ಅದಲುಬದಲು ಮಾಡಿಕೊಂಡರು. 15ನೆಯ ಶತಮಾನದ ಮಧ್ಯಭಾಗಕ್ಕೆ ಉಳಿದದ್ದು 16 ಮನೆಗಳು.

ನಾಲ್ಕು ನೇಗಿಲು, ನಾಲ್ಕು ಮನೆ

ಆ ಕಾಲದಲ್ಲಿ ಇಂಗ್ಲೆಂಡಿನ ಉಣ್ಣೆಗೂ ಉಣ್ಣೆಬಟ್ಟೆಗೂ ಯೂರೋಪಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿತ್ತು. ಜಮೀನ್ದಾರ ಕುಳಿತು ಲೆಕ್ಕ ಹಾಕಿದ. ಉಳುಮೆಗೆ ಹತ್ತಾರು ಆಳು ಬೇಕು, ಅವರಿಗೆ ಹೆಚ್ಚಿನ ಕೂಲಿ ಕೊಡಬೇಕು, ಬೆಳೆದ ಧಾನ್ಯಕ್ಕೆ ಬೆಲೆಯಿಲ್ಲ. ಅದೇ ಹೊಲವನ್ನು ಹುಲ್ಲುಗಾವಲು ಮಾಡಿ ಕುರಿ ಬಿಟ್ಟರೆ ಒಬ್ಬಿಬ್ಬರು ಕುರಿಗಾಹಿಗಳೂ ಒಂದು ನಾಯಿಯೂ ಸಾಕು. ಎಷ್ಟಿದ್ದರೂ ಬೇಕಾಗಿದ್ದ ಕೈಗಳು ಈಗ ಬೇಡವಾದವು.

ಇದು ಒಂದೂರಿನ ಕಥೆಯಾಗಿರಲಿಲ್ಲ. ಊರುಗಳನ್ನು ಕೆಡವಬಾರದೆಂದು 1489ರಲ್ಲಿ ಏಳನೆಯ ಹೆನ್ರಿ ದೊರೆಯ ಆಳ್ವಿಕೆಯಲ್ಲಿ ಕಾನೂನೇ ಬಂತು. ಕುರಿಗಳಿಗಾಗಿ ಜನರನ್ನು ಒಕ್ಕಲೆಬ್ಬಿಸುವುದನ್ನು ಥಾಮಸ್ ಮೋರ್ 1516ರಲ್ಲಿ ಪ್ರಕಟವಾದ ತನ್ನ ‘ಯುಟೋಪಿಯಾ’ದಲ್ಲಿ ಕಟುವಾಗಿ ಖಂಡಿಸಿದ. 1517ರಲ್ಲಿ ಕಾರ್ಡಿನಲ್ ವುಲ್ಸಿ ದೇಶದ ಹಲವು ಭಾಗಗಳಲ್ಲಿ ವಿಚಾರಣೆ ನಡೆಸಿದ. ಆ ವಿಚಾರಣೆಯಲ್ಲಿ ವಾರಂ ಪರ್ಸಿಯ ಹೆಸರೂ ಬರುತ್ತದೆ. ಬ್ಯಾರನ್ ಹಿಲ್ಟನ್ ಅಲ್ಲಿ ನಾಲ್ಕು ನೇಗಿಲುಗಳನ್ನು ನಿಲ್ಲಿಸಿದ, ನಾಲ್ಕು ಮನೆಗಳು ಹಾಳಾದವು ಎಂಬುದು ಅದರ ಸಾರಾಂಶ.

ಅಷ್ಟೇ. ನಾಲ್ಕು ಕುಟುಂಬಗಳ ಹೆಸರು ಅಲ್ಲಿಲ್ಲ. ಅವರು ಯಾವ ದಾರಿ ಹಿಡಿದರು, ಮಕ್ಕಳೆಷ್ಟು, ಹೊರಡುವಾಗ ಏನೇನು ಹೊತ್ತರು ಎಂಬುದೊಂದೂ ಇಲ್ಲ. ಸುಮಾರು 1500ರ ವೇಳೆಗೆ ಅವರು ಹೋದರು, ಒಲೆಗಳು ಆರಿದವು. ಚಾವಣಿಯ ತೊಲೆಗಳು ಬಿದ್ದವು, ಗೋಡೆಗಳ ಮೇಲೆ ಹುಲ್ಲು ಹಬ್ಬಿತು. ಆ ಹುಲ್ಲನ್ನು ಕುರಿಗಳು ಮೇಯತೊಡಗಿದವು. ಬರಗಾಲ, ದಂಡಯಾತ್ರೆ, ಮಹಾಮಾರಿ ಎಲ್ಲವನ್ನೂ ತಾಳಿಕೊಂಡು ನಿಂತ ಊರನ್ನು ಮುಗಿಸಿದ್ದು ಆದಾಯ ಖರ್ಚಿನ ಒಂದು ಲೆಕ್ಕ.

ಊರು ಹೋದರೂ ಉಳಿದ ಚರ್ಚು

ಊರು ಖಾಲಿಯಾದರೂ ಸಂತ ಮಾರ್ಟಿನ್ ಚರ್ಚು ಮಾತ್ರ ಮುಚ್ಚಲಿಲ್ಲ. ಅದರ ವ್ಯಾಪ್ತಿಯಲ್ಲಿ ಐದು ಊರುಗಳಿದ್ದವು: ವಾರಂ ಪರ್ಸಿ, ಟೌಥಾರ್ಪ್, ರೇಸ್‌ಥಾರ್ಪ್, ಬರ್ಡೇಲ್ ಮತ್ತು ಥಿಕ್ಸೆಂಡೇಲ್. ಇವುಗಳಲ್ಲಿ ನಾಲ್ಕು ಹಾಳಾದವು. ಹಳ್ಳಿಯಾಗಿ ಉಳಿದದ್ದು ಥಿಕ್ಸೆಂಡೇಲ್ ಒಂದೇ. ಅಲ್ಲಿಯ ಜನ ಪ್ರಾರ್ಥನೆಗೆ, ಮದುವೆಗೆ, ಮಣ್ಣು ಮಾಡುವುದಕ್ಕೆ ಗುಡ್ಡದ ದಾರಿಯಲ್ಲಿ ಸುಮಾರು ಮೂರು ಮೈಲಿ ನಡೆದು ಈ ಜನವಿಲ್ಲದ ಊರಿಗೆ ಬರುತ್ತಿದ್ದರು. ಊರು ಬಿಟ್ಟು ತಲೆಮಾರುಗಳಾದರೂ ಹಾಳೂರಿನ ಹನುಮಪ್ಪನಿಗೆ ಕಾಯಿ ಒಡೆಯಲು ವರ್ಷಕ್ಕೊಮ್ಮೆ ಹೋಗಿಬರುವ ನಮ್ಮ ಜನರಿಗೆ ಈ ನಡಿಗೆ ಅರ್ಥವಾಗುತ್ತದೆ. 1870ರಲ್ಲಿ ಥಿಕ್ಸೆಂಡೇಲಿನಲ್ಲೇ ಹೊಸ ಚರ್ಚು ಆಯಿತು. ಅಲ್ಲಿಂದ ಹಳೆಯ ಚರ್ಚಿನ ದಿನಗಳು ಎಣಿಕೆಗೆ ಬಂದವು. 1949ರಲ್ಲಿ ಪೂಜೆ ನಿಂತಿತು; ಹತ್ತು ವರ್ಷದ ತರುವಾಯ ಗೋಪುರ ಅರ್ಧ ಕುಸಿಯಿತು.

ಇತಿಹಾಸದ ವಿದ್ಯಾರ್ಥಿಗಳು ಈ ಚರ್ಚಿನ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 10ನೆಯ ಶತಮಾನದಲ್ಲಿ ಇದು ಮರದ ಒಂದು ಚಿಕ್ಕ ಪ್ರಾರ್ಥನಾ ಮಂದಿರ. ಮುಂದೆ ಕಲ್ಲಿನದಾಯಿತು. ಊರು ಬೆಳೆದ 12, 13ನೆಯ ಶತಮಾನಗಳಲ್ಲಿ ಗೋಡೆಯಲ್ಲಿ ಕಮಾನು ತೆಗೆದು ಎರಡೂ ಬದಿಗೆ ಮೊಗಸಾಲೆ ಸೇರಿಸಿದರು. ಜನ ಕರಗಿದ ಮೇಲೆ ಮೊಗಸಾಲೆಗಳನ್ನು ಕೆಡವಿ ಕಮಾನುಗಳನ್ನು ಕಲ್ಲಿನಿಂದ ಮುಚ್ಚಿದರು. ಮುಚ್ಚಿದ ಆ ಕಮಾನುಗಳು ಇಂದಿಗೂ ಗೋಡೆಯಲ್ಲಿ ಎದ್ದು ಕಾಣುತ್ತವೆ. ಊರಿನ ಜನಗಣತಿಯನ್ನು ಕಲ್ಲಿನಲ್ಲೇ ಬರೆದಿಟ್ಟಂತಿದೆ ಈ ಗೋಡೆ.

ನೋಡುವ ಕಣ್ಣಿದ್ದರೆ

ವಾರಂ ಪರ್ಸಿಯನ್ನು ನೋಡಲು ಇಂದು ಪ್ರವೇಶ ಶುಲ್ಕವಿಲ್ಲ. ‘ಇಂಗ್ಲಿಷ್ ಹೆರಿಟೇಜ್’ ಸಂಸ್ಥೆ ಇದರ ಮೇಲ್ವಿಚಾರಣೆ ನಡೆಸುತ್ತದೆ. 1982ರಲ್ಲಿ ಆರಂಭವಾದ ‘ಯಾರ್ಕ್‌ಶೈರ್ ವೋಲ್ಡ್ಸ್ ವೇ’ ಎಂಬ ದೂರದ ನಡಿಗೆ ದಾರಿ ಇಲ್ಲಿಯೇ ಹಾದುಹೋಗುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಬರುವವರು ಕೊಳದ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಅವರ ಸುತ್ತ ದನ ಕುರಿಗಳು ತಮ್ಮ ಪಾಡಿಗೆ ತಾವು ಮೇಯುತ್ತಿರುತ್ತವೆ. ಊರಿನ ಜನರನ್ನು ಹೊರಗೆ ಹಾಕಿದ ಅದೇ ಮೇವು ಊರಿನ ನಕ್ಷೆಯನ್ನು ಕಾಪಾಡಿತು ಎಂಬುದು ಇಲ್ಲಿಯ ವಿಚಿತ್ರ. ಸುತ್ತಲಿನ ಹೊಲಗಳಂತೆ ಈ ನೆಲವನ್ನೂ ಯಂತ್ರದ ನೇಗಿಲಿನಿಂದ ಉತ್ತಿದ್ದರೆ ದಿಬ್ಬಗಳು ಎಂದೋ ಮಟ್ಟವಾಗುತ್ತಿದ್ದವು. ಯಾರಿಗೂ ಏನೂ ಸಿಗುತ್ತಿರಲಿಲ್ಲ.

ಪಠ್ಯಪುಸ್ತಕದಲ್ಲಿ ರಾಜರ ಪಟ್ಟಿಯೂ ಯುದ್ಧಗಳ ಇಸವಿಯೂ ಇರುತ್ತವೆ. ಹೊಲ ಉತ್ತವರ ಕಥೆ ಅಷ್ಟಾಗಿ ಬರುವುದಿಲ್ಲ. ಅದನ್ನು ತಿಳಿಯಲು ತೆರಿಗೆಯ ಕಡತ, ಮನೆಯ ತಳಪಾಯ, ಮಗುವಿನ ಹಲ್ಲು ಇಂಥವನ್ನೆಲ್ಲ ಜೋಡಿಸಬೇಕು. ಸುಲಭವಾಗಿ ಸಿಗುವ ಉತ್ತರವನ್ನು ಅನುಮಾನಿಸಬೇಕು. ವಾರಂ ಪರ್ಸಿಯಲ್ಲಿ ಆದದ್ದು ಅದು. ‘ಮಾರಿ ಬಂದು ಹೋಯಿತು’ ಎಂದು ಸುಮ್ಮನಾಗಿದ್ದರೆ ಆ ನಾಲ್ಕು ಮನೆಗಳವರಿಗೆ ಆದ ಅನ್ಯಾಯ ಹುಲ್ಲಿನಡಿಯಲ್ಲೇ ಉಳಿಯುತ್ತಿತ್ತು.

ಬೇಚರಾಕ್ ಊರನ್ನು ನೋಡಲು ಯಾರ್ಕ್‌ಶೈರಿಗೇ ಹೋಗಬೇಕೆಂದಿಲ್ಲ. ರಜೆಗೆ ಅಜ್ಜನ ಊರಿಗೆ ಹೋಗುವ ಮಕ್ಕಳು ಒಮ್ಮೆ ಕೇಳಿ ನೋಡಬಹುದು: ‘ಅಜ್ಜಾ, ಇಲ್ಲಿ ಹಾಳೂರು ಅಂತ ಯಾವುದಾದರೂ ಇದೆಯಾ?’ ಅಜ್ಜ ಕೈಮಾಡಿ ತೋರಿಸುವ ದಿಕ್ಕಿನಲ್ಲಿ ಒಂದು ಹಾಳುಬಾವಿ, ಒಂದು ಬೇವಿನ ಮರ, ಮುಕ್ಕಾದ ಒಂದು ವೀರಗಲ್ಲು ಸಿಕ್ಕೀತು. ಕಾಲಿಗೆ ಮಡಕೆಯ ಚೂರು ತಾಕೀತು. ಅದನ್ನು ಕಿತ್ತು ತರುವುದು ಬೇಡ. ಅಲ್ಲಿಯೇ ಕೂತು ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು: ‘ಇಲ್ಲಿದ್ದವರು ಏಕೆ ಹೋದರು?’